ಶಟರ್ ಇಳಿದದ್ದನ್ನು ಕಂಡು ಬೀದಿಯೇ ಸತ್ತಿದೆ ಎಂದು ಬರೆದವರಿಗೆ

ಮಾನ್ಯ ಪುನರಭಿವೃದ್ಧಿ ಯೋಜನಾಧಿಕಾರಿಗಳೇ,

ನಿಮ್ಮ ವರದಿಯ ಮೂವತ್ತೊಂದನೆಯ ಪುಟದಲ್ಲಿ, ಲಗ್ಗೆರೆ ಕಡೆಯ ಹಿಂಗೋಡೆ ಬೀದಿಯ ಇಪ್ಪತ್ತಮೂರು ಶೆಡ್ಡುಗಳೂ ‘ನಿಷ್ಕ್ರಿಯ’ ಎಂದು ಬರೆದಿದೆ. ಅದು ಸುಳ್ಳು. ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಇವತ್ತು ಬೆಳಿಗ್ಗೆಯೂ ಓಡಿವೆ. ನಾನು ಈ ಪತ್ರ ಬರೆಯುತ್ತಿರುವಾಗ ನನ್ನ ಕಾಲ ಕೆಳಗೆ ನೆಲ ಸಣ್ಣಗೆ ನಡುಗುತ್ತಿದೆ. ಕೆಳಗಿನ ಶೆಡ್ಡಿನಲ್ಲಿ ನನ್ನ ಗಂಡನ ಕಬ್ಬಿಣ ಕಡೆಯುವ ಮೂರು ಲೇತುಗಳು ತಿರುಗುತ್ತಿವೆ. ನಿಮ್ಮ ಸುಳ್ಳಿಗೆ ನೀವು ಕೊಟ್ಟಿರುವ ಆಧಾರ ಒಂದೇ ಒಂದು ಸಾಲು: ‘ಯಾವುದೇ ಘಟಕವು ಕಾರ್ಯನಿರ್ವಹಿಸುತ್ತಿಲ್ಲವೆಂದು ಸ್ಥಳೀಯ ಮಹಿಳೆಯೊಬ್ಬರು ತಿಳಿಸಿರುತ್ತಾರೆ.’ ಆ ಸ್ಥಳೀಯ ಮಹಿಳೆ ನಾನು. ಹೇಳಿದವಳೂ ನಾನೇ, ಈಗ ಅದರ ಮೇಲೆ ದೂರು ಕೊಡುತ್ತಿರುವವಳೂ ನಾನೇ. ಇಂಥವಳ ಮಾತನ್ನು ಈಗ ಯಾಕೆ ನಂಬಬೇಕು ಎಂದು ನೀವು ಕೇಳಬಹುದು. ಆವತ್ತು ಯಾಕೆ ಅಷ್ಟು ಸಲೀಸಾಗಿ ನಂಬಿದಿರಿ ಎಂದು ನಾನು ಕೇಳುತ್ತೇನೆ.

ನಾನು ಏಳನೇ ತರಗತಿ ಪಾಸು ಮಾಡಿ, ಎಂಟನೆಯದರಲ್ಲಿ ಅರ್ಧಕ್ಕೆ ಬಿಟ್ಟವಳು. ಕಾಗುಣಿತದ ತಪ್ಪುಗಳನ್ನು ಪಕ್ಕದ ಮನೆಯ ಹುಡುಗಿ ತಿದ್ದಿಕೊಟ್ಟಿದ್ದಾಳೆ. ಅಭಿಪ್ರಾಯ ತಿದ್ದಲು ಬಂದಳು, ನಾನು ಬಿಡಲಿಲ್ಲ.

ಮೊದಲು ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಹೇಳಬಾರದು ಎಂದು ಮನೆಯಲ್ಲಿ ಜಗಳವೇ ಆಗಿದೆ. ಆದರೆ ಅದನ್ನು ಹೇಳದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ. ಮುಚ್ಚಿಹೋದ ದೊಡ್ಡ ಕಾರ್ಖಾನೆಯ ಹಿಂದಿನ ಗೋಡೆಗೆ ಒರಗಿಕೊಂಡು ನಮ್ಮ ಶೆಡ್ಡುಗಳಿವೆ, ಶೆಡ್ಡಿನ ಮೇಲೆ ಮನೆ. ಬೀದಿಯ ಬಾಯಲ್ಲಿರುವ ಮೊದಲನೆಯದು ನಮ್ಮದು. ಕೊರಳಿಗೆ ಪಟ್ಟಿಯ ಗುರುತಿನ ಚೀಟಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಯಾರಾದರೂ ತಿರುವಿನಲ್ಲಿ ಕಂಡರೆ, ನಾನು ಮಹಡಿಯ ಮೇಲಿನಿಂದ ಪಕ್ಕದ ಶೆಡ್ಡಿನ ವೆಂಕಟರಮಣಪ್ಪನವರಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ. ಅವರು ಮುಂದಿನವರಿಗೆ, ಅವರು ಅದರ ಮುಂದಿನವರಿಗೆ. ಇದಕ್ಕೆ ನಮ್ಮಲ್ಲಿ ‘ನೆಂಟರು ಬಂದರು’ ಎನ್ನುತ್ತಾರೆ. ಐದು ನಿಮಿಷ ಸಾಕು, ಬೀದಿಯ ಶಟರುಗಳೆಲ್ಲ ಇಳಿದು, ಯಂತ್ರ ನಿಂತು, ಒಳಗಿನ ದೀಪ ಆರಿರುತ್ತದೆ. ನೆಂಟರು ಬಂದು, ನೋಡಿ, ಸ್ವಲ್ಪ ಹೊತ್ತು ಶಟರ್ ಬಡಿದು ಹೋಗುತ್ತಾರೆ. ಮತ್ತೆ ಶಟರ್ ಏಳುತ್ತದೆ.

ಕಳ್ಳರಾಗಿದ್ದರಿಂದ ಹೀಗೆ ಮಾಡುತ್ತೇವೆ ಎಂದುಕೊಳ್ಳಬೇಡಿ. ಹೊಗೆ ನೋಡುವ ಕಚೇರಿ, ಕೂಲಿ ನೋಡುವ ಕಚೇರಿ, ಬೆಂಕಿ ನೋಡುವ ಕಚೇರಿ, ಲೈಸೆನ್ಸ್ ನೋಡುವ ಕಚೇರಿ, ಎಲ್ಲರೂ ಬರುತ್ತಾರೆ. ಒಬ್ಬರು ಗೋಡೆಗೆ ಸುಣ್ಣ ಹೊಡೆಯಿರಿ ಎಂದರೆ ಇನ್ನೊಬ್ಬರು ಗೋಡೆಯೇ ಇರಬಾರದು ಎನ್ನುತ್ತಾರೆ. ಯಾರು ಯಾವ ಕಚೇರಿ ಎಂದು ನಮಗೆ ಗೊತ್ತಾಗುವಷ್ಟರಲ್ಲಿ ನೋಟಿಸು ಕೈಯಲ್ಲಿರುತ್ತದೆ. ಅದಕ್ಕೆ ಎಲ್ಲರಿಗೂ ಒಂದೇ ಮರ್ಯಾದೆ.

ನನ್ನ ಅತ್ತೆ ಚಿಕ್ಕಮುನಿಯಮ್ಮ ಹಾಗಿರಲಿಲ್ಲವಂತೆ. ಈ ಹಿಂಗೋಡೆ ಇರುವ ಜಾಗ ಅವರ ಹೊಲ. ಸರಪಳಿ ಹಿಡಿದು ಅಳೆಯಲು ಬಂದವರನ್ನು ಕರೆದು, ನೆರಳಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಹೊಲದ ನಾಲ್ಕು ಮೂಲೆಯನ್ನೂ ತಾವೇ ತೋರಿಸಿದರು. ಹೊಲ ಕಾರ್ಖಾನೆಗೆ ಹೋಯಿತು. ಮಾವ ಪಾಪಯ್ಯನವರಿಗೆ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತು. ತಮ್ಮ ಹೊಲಕ್ಕೆ ಬರುವವರನ್ನು ತಾವೇ ನಿಲ್ಲಿಸಿ ಚೀಟಿ ಕೇಳುವ ಕೆಲಸ. ಈಗ ನಾವು ಆ ಗೋಡೆಯ ಪಕ್ಕದಲ್ಲಿ ಬಾಡಿಗೆಗೆ ಇದ್ದೇವೆ. ಆದ್ದರಿಂದ ಅಳೆಯುವವರು ಕಂಡರೆ ನನ್ನ ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ. ಇದು ಕಾಯಿಲೆ ಎಂದು ನನ್ನ ಗಂಡ ಹೇಳುತ್ತಾರೆ. ನಾನು ಅನುಭವ ಎನ್ನುತ್ತೇನೆ.

ಈಗ ಆ ದಿನದ ವಿಷಯ. ಕಳೆದ ಅಕ್ಟೋಬರಿನ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಬಟ್ಟೆ ಒಣಗಿಸುತ್ತಿದ್ದೆ. ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡ ಇಬ್ಬರು, ಒಂದು ಹುಡುಗಿ, ಅವಳ ಜೊತೆಗೊಬ್ಬ, ಕೈಯಲ್ಲಿ ದೊಡ್ಡ ಫೋನಿನಂಥ ಟ್ಯಾಬು ಹಿಡಿದು ತಿರುವಿನಲ್ಲಿ ಬಂದರು. ನನಗೆ ಇನ್ನೇನು ಬೇಕು? ಮಿಸ್ಡ್ ಕಾಲ್ ಹೋಯಿತು. ಅವರು ಬೀದಿಯ ಕೊನೆ ಮುಟ್ಟಿ ವಾಪಸು ಬರುವಾಗ ನಾಯಿಯೊಂದು ಬಿಟ್ಟರೆ ಯಾರೂ ಹೊರಗಿರಲಿಲ್ಲ. ಹುಡುಗಿ ತಲೆಯೆತ್ತಿ ನನ್ನನ್ನು ಕಂಡು ನೀರು ಕೇಳಿದಳು. ಚೊಂಬು ಹಿಡಿದು ಇಳಿದೆ. ಆ ಹುಡುಗಿಯ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ನಿಮ್ಮ ಕೋಪ ಅವಳ ಕೆಲಸದ ಮೇಲೆ ಬೀಳಬಾರದು.

“ಯಾವಾಗ ಮುಚ್ಚಿದ್ದು ಆಂಟಿ ಇವೆಲ್ಲ?” ಎಂದಳು.

“ಬೋ ದಿನ ಆಯ್ತು ಕಣಮ್ಮ. ಯಾರೂ ಇಲ್ಲ.”

“ಒಂದೂ ಓಡ್ತಿಲ್ವಾ?”

“ಒಂದೂ ಇಲ್ಲ. ದೆವ್ವ ಓಡಾಡ್ತವೆ, ಅಷ್ಟೇಯ.”

ಅಷ್ಟರಲ್ಲಿ ನಮ್ಮ ಶಟರಿನ ಹಿಂದೆ ನನ್ನ ಗಂಡ ಮುನಿಕೃಷ್ಣ ಕೆಮ್ಮಿದರು. ಅವರಿಗೆ ಲೇತಿನ ಎಣ್ಣೆ ಹೊಗೆಯಿಂದ ಬಂದ ಕೆಮ್ಮು, ಹೇಳಿ ಕೇಳಿ ಬರುವುದಿಲ್ಲ.

“ಒಳಗೆ ಯಾರೋ ಇದಾರಲ್ಲ?”

“ಇಲಿ ಕಣಮ್ಮ. ಶೆಡ್ಡು ಮುಚ್ಚಿದ್ರೆ ಸೇರ್ಕೊಂಡ್ಬಿಡ್ತವೆ.”

“ಇಲಿ ಕೆಮ್ಮುತ್ತಾ ಆಂಟಿ?”

“ಈ ಧೂಳಲ್ಲಿ ಇಲಿಗೂ ಅಲರ್ಜಿ ಬಂದದೆ.”

ಅವಳು ನಕ್ಕುಬಿಟ್ಟಳು. ಜೊತೆಗಿದ್ದವನ ಕಡೆ ತಿರುಗಿ, “ಏನ್ ಹಾಕ್ಲೋ?” ಎಂದಳು. ಅವನು, “ಕ್ಲೋಸ್ಡ್ ಅಂತ ಹಾಕು ಗುರು, ಎರಡೇ ಆಪ್ಷನ್ ಇರೋದು. ಊಟದೊಳಗೆ ಇನ್ನೂ ನಾಲ್ಕು ಬೀದಿ ಮುಗಿಸ್ಬೇಕು,” ಎಂದ. ಅವಳು ಒತ್ತಿದಳು. ಚೊಂಬು ವಾಪಸು ಕೊಟ್ಟು ಥ್ಯಾಂಕ್ಸ್ ಹೇಳಿ ಹೋದಳು.

ಅವರು ಮರೆಯಾದ ಮೇಲೆ ಶಟರ್ ಮೊಣಕಾಲುದ್ದ ಎದ್ದಿತು. ಅದರಡಿ ಮುನಿಕೃಷ್ಣ ತಲೆ ತೂರಿಸಿ, “ಇಲಿ ಅಂದ್ಯಲ್ಲೇ ನನ್ನ!” ಎಂದರು. “ಉಳಿಸ್ದೆ ನಿಮ್ಮನ್ನ,” ಎಂದೆ. ವೆಂಕಟರಮಣಪ್ಪನವರು ಸಂಜೆ ಒಂದು ಪೊಟ್ಟಣ ಮಸಾಲೆ ವಡೆ ಕಳಿಸಿಕೊಟ್ಟರು. ನಿಜ ಹೇಳುತ್ತೇನೆ, ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ಅದಾದ ಮೇಲೆ ನಿಮ್ಮ ಅಹವಾಲು ಸಭೆ. ನಾಗಸಂದ್ರದ ಕಲ್ಯಾಣ ಮಂಟಪದಲ್ಲಿ, ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಇಟ್ಟಿದ್ದಿರಿ. ಕೆಲಸ ಮಾಡುವವರು ಬರಬಾರದು ಎಂದು ಹೀಗೆ ಇಟ್ಟಿರಲಿಕ್ಕಿಲ್ಲ. ಕೆಲಸ ಮಾಡುವವರು ಯಾರೂ ಉಳಿದಿಲ್ಲ ಎಂದು ನೀವು ಆಗಲೇ ತೀರ್ಮಾನಿಸಿದ್ದಿರಲ್ಲ. ನಾನು, ವೆಂಕಟರಮಣಪ್ಪನವರು, ಗ್ಯಾಸ್ಕೆಟ್ ಒತ್ತುವ ಪ್ರೆಸ್ ನಡೆಸುವ ಮಾಲಾ, ಮೂವರು ಹೋಗಿದ್ದೆವು. ವೇದಿಕೆಯ ಮೇಲೆ ನೀವಿದ್ದಿರಿ. ನಕ್ಷೆಯಲ್ಲಿ ನಮ್ಮ ಬೀದಿಗೆ ಬೂದಿ ಬಣ್ಣ ಬಳಿದಿತ್ತು. ಓಡುತ್ತಿರುವ ಶೆಡ್ಡಿನವರಿಗೆ ಹೊಸದಾಗಿ ಕಟ್ಟುವ ಐದು ಮಹಡಿಯ ಕೈಗಾರಿಕಾ ಕಟ್ಟಡದಲ್ಲಿ ಜಾಗ, ಮೇಲೆ ಸಂಸಾರ ಇದ್ದವರಿಗೆ ಪಕ್ಕದಲ್ಲಿ ಮನೆ. ನಿಷ್ಕ್ರಿಯ ಎಂದಾದವರಿಗೆ ನೆಲದ ಪರಿಹಾರ ಮಾತ್ರ ಎಂದಿರಿ. ನೆಲದ ಪರಿಹಾರ ನೆಲದ ಒಡೆಯನಿಗೆ. ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ಬಾಡಿಗೆಯವರು. ಅಂದರೆ ನಮಗೆ ಶೆಡ್ಡೂ ಇಲ್ಲ, ಮನೆಯೂ ಇಲ್ಲ. ಒಂದು ಚೊಂಬು ನೀರು ಕೊಡುತ್ತ ಆಡಿದ ಮಾತಿಗೆ ಇಷ್ಟು.

ನೀವು ಮೈಕಿನಲ್ಲಿ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಕೈಗಾರಿಕೆ ತಾನಾಗಿಯೇ ಇಲ್ಲಿಂದ ಹೊರಟುಹೋಗಿದೆ. ನಾವು ಯಾರನ್ನೂ ಎಬ್ಬಿಸುತ್ತಿಲ್ಲ.”

ವೆಂಕಟರಮಣಪ್ಪನವರು ಎದ್ದು ನಿಂತರು. ಆ ದೊಡ್ಡ ಕಾರ್ಖಾನೆಯಲ್ಲೇ ಗ್ರೈಂಡಿಂಗ್ ಕಲಿತು, ಅದು ಮುಚ್ಚಿದಾಗ ಅದರ ಬೆನ್ನಿಗೇ ಶೆಡ್ಡು ಹಾಕಿದ ಮನುಷ್ಯ. “ಸಾರ್, ನಾನು ಹೊರಟೋಗಿಲ್ಲ. ಇಲ್ಲೇ ನಿಂತಿದೀನಿ, ಸ್ವಲ್ಪ ಇತ್ತ ನೋಡಿ,” ಎಂದರು. ಸಭೆ ನಕ್ಕಿತು. ನೀವೂ ನಕ್ಕಿರಿ. ಆಮೇಲೆ ನಿಮ್ಮ ಸಹಾಯಕರು ಪರದೆಯ ಮೇಲೆ ಮೂವತ್ತೊಂದನೆಯ ಪುಟ ತೆಗೆದು, ‘ಸ್ಥಳೀಯ ಮಹಿಳೆ’ಯ ಸಾಲನ್ನು ಗಟ್ಟಿಯಾಗಿ ಓದಿದರು. “ನಿಮ್ಮ ಬೀದಿಯವರೇ ಹೇಳಿದಾರಲ್ರೀ,” ಎಂದರು. ಮಾಲಾ ಕುರ್ಚಿಯಿಂದಲೇ ಕೂಗಿದಳು: “ಯಾವಳ್ರೀ ಅವಳು? ಕರ್ಕೊಂಡ್ ಬನ್ರೀ ನೋಡಣ!”

ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ. ನನ್ನ ಚಪ್ಪಲಿ ನೋಡುತ್ತ ಕೂತೆ. ಎದ್ದು ನಿಂತು ‘ನಾನೇ, ಅದು ಸುಳ್ಳು’ ಎಂದಿದ್ದರೆ ಅಲ್ಲೇ ಮುಗಿಯುತ್ತಿತ್ತೇನೋ. ಏಳಲು ಆಗಲಿಲ್ಲ. ಇದಕ್ಕೆ ನಿಮ್ಮನ್ನು ದೂರುವುದಿಲ್ಲ.

ಆದರೆ ತಲೆ ತಗ್ಗಿಸಿ ಕೂತವರ ಕಣ್ಣಿಗೆ ಕೆಲವು ಸಲ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಬಾಗಿಲ ಪಕ್ಕ ಒಂದು ದೊಡ್ಡ ಬಣ್ಣದ ಚಿತ್ರ ನಿಲ್ಲಿಸಿದ್ದಿರಿ. ಗಾಜಿನ ಕಟ್ಟಡಗಳು, ಸೈಕಲ್ ಹೊಡೆಯುವವರು, ನಾಯಿ ಹಿಡಿದುಕೊಂಡ ಒಬ್ಬ ಹೆಂಗಸು. ನಮ್ಮ ಬೀದಿ ಇರಬೇಕಾದ ಕಡೆ ಕಾರಂಜಿ. ಮಾತ್ರೆ ಸ್ಟ್ರಿಪ್ಪಿನ ಹಿಂದಿನ ದಿನಾಂಕವನ್ನೂ ಎರಡು ಸಲ ಓದುವವಳು ನಾನು. ಹೊರಗೆ ಹೋಗುವಾಗ ಆ ಚಿತ್ರದ ಕೆಳಮೂಲೆಯಲ್ಲಿ ಇರುವೆ ಗಾತ್ರದ ಅಂಕಿಗಳನ್ನು ಬಗ್ಗಿ ಓದಿದೆ. ಆಗಸ್ಟ್ ತಿಂಗಳ ತಾರೀಖು. ನಿಮ್ಮ ಹುಡುಗಿ ನಮ್ಮ ಬೀದಿಗೆ ಬಂದದ್ದು ಅಕ್ಟೋಬರಿನಲ್ಲಿ. ಎರಡು ತಿಂಗಳು ಮೊದಲೇ ನಮ್ಮ ಶೆಡ್ಡಿನ ಮೇಲೆ ಕಾರಂಜಿ ಚಿಮ್ಮುತ್ತಿತ್ತು!

ಈಗ ಹೇಳಿ ಸ್ವಾಮಿ. ಕಾರಂಜಿ ಬರೆದಾದ ಮೇಲೆ ಎಣಿಕೆ ಯಾಕೆ ಬೇಕಾಗಿತ್ತು? ನನ್ನ ಸುಳ್ಳು ನಿಮ್ಮ ಯೋಜನೆಯನ್ನು ದಾರಿ ತಪ್ಪಿಸಿತೋ, ಅಥವಾ ನಿಮ್ಮ ಯೋಜನೆ ನನ್ನಂಥ ಒಂದು ಸುಳ್ಳಿಗಾಗಿ ಬಾಯಿ ತೆರೆದು ಕಾಯುತ್ತಿತ್ತೋ? ಇಲ್ಲ, ಅದು ಬರೀ ಮಾದರಿ ಚಿತ್ರ, ಬೇರೆ ಯಾವುದೋ ಊರಿನದು ಎಂದು ನೀವು ಹೇಳಬಹುದು. ಇರಬಹುದು. ಹಾಗಾದರೆ ಬರೆದು, ಸಹಿ ಹಾಕಿ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಏನು ಬೆಲೆ ಎಂದು ನಾನು ಈಗ ಕಲಿತಿದ್ದೇನೆ.

ನನ್ನ ಮಾತು ಬಿಟ್ಟು ಬೇರೆ ಸಾಕ್ಷಿ ನಿಮಗೆ ಸಿಗಲಿಲ್ಲವೇ? ಪ್ರತಿ ಶೆಡ್ಡಿನ ಹೊರಗೋಡೆಗೆ ಕರೆಂಟ್ ಮೀಟರ್ ಇದೆ, ಓಡದ ಶೆಡ್ಡಿನ ಮೀಟರಿನಲ್ಲಿ ತಿಂಗಳಿಂದ ತಿಂಗಳಿಗೆ ಯೂನಿಟ್ ಏರುವುದಿಲ್ಲ. ಬೀದಿಯಲ್ಲಿ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಕಬ್ಬಿಣದ ಹೊಸ ಚೂರು ಅಂಗಾಲಿಗೆ ಚುಚ್ಚಿ ಸಾಕ್ಷಿ ಹೇಳುತ್ತದೆ. ಬೀದಿಯ ಕೊನೆಗೆ ಚನ್ನಕ್ಕನ ಇಡ್ಲಿ ಗಾಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಅವಳ ಪಾತ್ರೆ ಖಾಲಿ. ಅವಳು ದೆವ್ವಗಳಿಗೆ ಇಡ್ಲಿ ಮಾರುತ್ತಾಳೆಯೇ? ಕೆಮ್ಮು ಕೇಳಿಸಿಕೊಂಡು, ಇಲಿ ಕೆಮ್ಮುವುದಿಲ್ಲ ಎಂದು ಗೊತ್ತಿದ್ದೂ, ಆ ಹುಡುಗಿ ‘ಮುಚ್ಚಿದೆ’ ಎಂದು ಒತ್ತಬೇಕಾಯಿತು. ತಪ್ಪು ಅವಳದಲ್ಲ. ತೆರೆದಿದೆ, ಮುಚ್ಚಿದೆ ಎಂಬ ಎರಡೇ ಗುಂಡಿ ಕೊಟ್ಟು ಕಳಿಸಿದವರದು. ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ ಎನ್ನುವುದಕ್ಕೆ ನಿಮ್ಮ ಯಂತ್ರದಲ್ಲಿ ಗುಂಡಿಯೇ ಇಲ್ಲ. ಬೆಂಗಳೂರಿನ ಈ ಅಂಚಿನಲ್ಲಿ ಅರ್ಧ ಜನ ಇರುವುದು ಆ ಸ್ಥಿತಿಯಲ್ಲೇ.

ಸಭೆಯ ನಂತರದ ಭಾನುವಾರ ಮಾಲಾಳ ಶೆಡ್ಡಿನ ಮುಂದೆ ಬೀದಿಯವರೆಲ್ಲ ಸೇರಿದ್ದರು. ಎರಡು ರಾತ್ರಿ ನಿದ್ದೆ ಇರಲಿಲ್ಲ ನನಗೆ. “ಯಾವಳು ಅಂತ ಕೇಳ್ದಲ್ಲ ಮಾಲಾ, ನಾನೇ ಕಣೆ,” ಎಂದುಬಿಟ್ಟೆ.

ಮಾಲಾ ಕೈ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. “ನೀನಾ ಗೌರಕ್ಕ? ಗೊತ್ತಿಲ್ಲ ಕಣಮ್ಮ ಅನ್ನಕ್ಕೆ ಏನಾಗಿತ್ತು ನಿಂಗೆ? ಅಷ್ಟೊಂದು ಕತೆ ಕಟ್ಬೇಕಿತ್ತಾ?”

“ಬಿಡಮ್ಮ,” ಎಂದರು ವೆಂಕಟರಮಣಪ್ಪನವರು. “ಇವಳೊಬ್ಳೇನಾ? ನಾನು ಒಳಗೆ ಲೈಟ್ ಆರಿಸ್ಕೊಂಡು, ಉಸಿರು ಬಿಗಿಹಿಡ್ಕೊಂಡು, ಮದುವೆ ಮನೆ ಕಳ್ಳನ ಥರ ಕೂತಿದ್ದೆ. ವಡೆ ಬೇರೆ ಕಳಿಸ್ದೆ. ಈಗ ಎಲ್ರೂ ಸೇರಿ, ಮತ್ತೆ ಬಂದು ಎಣಿಸಿ ಅಂತ ಕೇಳಣ.”

“ಬಂದ್ರೆ ಶಟರ್ ತೆಗೀಬೇಕಲ್ಲ,” ಎಂದಳು ಮಾಲಾ. “ತೆಗೆದ್ರೆ ನನ್ನ ಪ್ರೆಸ್ಸಿಗೆ ಲೈಸೆನ್ಸ್ ಇಲ್ಲ ಅಂತ ಮಾರನೇ ದಿನ ಇನ್ನೊಂದು ಜೀಪ್ ಬರತ್ತೆ. ಮುಚ್ಚಿದ್ರೆ ಇವ್ರು ಓಡಿಸ್ತಾರೆ, ತೆಗೆದ್ರೆ ಅವ್ರು ಓಡಿಸ್ತಾರೆ. ಎಲ್ಲಿಗ್ ಹೋಗ್ಲಿ ಹೇಳಿ ಅಣ್ಣ?”

ಮಾಲಾಳಿಗೆ ಲೈಸೆನ್ಸ್ ಯಾಕಿಲ್ಲ ಗೊತ್ತೇ ಮಾನ್ಯರೇ? ಅವಳು ನವೀಕರಣಕ್ಕೆ ಅರ್ಜಿ ಹಾಕಿ ಎರಡು ವರ್ಷವಾಯಿತು. ‘ಆ ಪ್ರದೇಶ ಪುನರಭಿವೃದ್ಧಿಗೆ ಒಳಪಡಲಿದೆ, ನವೀಕರಣ ಸದ್ಯಕ್ಕಿಲ್ಲ’ ಎಂದು ಕಚೇರಿಯವರೇ ವಾಪಸು ಕಳಿಸಿದ್ದಾರೆ. ಸರಿಯಾಗಿ ಕೇಳಿಸಿಕೊಳ್ಳಿ. ನಿಮ್ಮ ಯೋಜನೆ ಬರುತ್ತದೆ ಎಂದು ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲ ಎಂದು ಶಟರ್ ಇಳಿಸಬೇಕು. ಶಟರ್ ಇಳಿದಿದೆ ಎಂದು ಶೆಡ್ಡು ನಿಷ್ಕ್ರಿಯ. ಶೆಡ್ಡುಗಳು ನಿಷ್ಕ್ರಿಯ ಎಂದು ನಿಮ್ಮ ಯೋಜನೆ ಬೇಕು. ನನ್ನ ಗಂಡ ಲೇತಿನಲ್ಲಿ ಬಳೆಯಂಥ ಬುಷ್ಷುಗಳನ್ನು ಎಷ್ಟೋ ಸಾವಿರ ತಿರುಗಿಸಿದ್ದಾರೆ, ಇಷ್ಟು ದುಂಡಗೆ ಒಂದೂ ಬಂದಿಲ್ಲವಂತೆ.

ನಿಮ್ಮ ಸಹಾಯಕರು ಮಂಟಪದ ಹೊರಗೆ ನಮಗೆ ಬುದ್ಧಿ ಹೇಳಿದರು: ಮಾದನಾಯಕನಹಳ್ಳಿ ಕಡೆ ಬೇಕಾದಷ್ಟು ಶೆಡ್ಡುಗಳಿವೆ, ಅಲ್ಲಿಗೆ ಹೋಗಬಾರದೇ ಎಂದು. ಹೋಗಬಹುದು, ಒಬ್ಬೊಬ್ಬರಾಗಿ. ಆದರೆ ಮುನಿಕೃಷ್ಣ ತಿರುಗಿಸಿದ ಬುಷ್ ವೆಂಕಟರಮಣಪ್ಪನವರ ಶೆಡ್ಡಿಗೆ ಉಜ್ಜಿಸಿಕೊಂಡು ನೈಸ್ ಆಗಲು ಹೋಗುತ್ತದೆ, ಅಲ್ಲಿಂದ ಮಾಲಾಳ ಗ್ಯಾಸ್ಕೆಟ್ ಜೊತೆ ಸೇರಿ ಒಂದೇ ಪೆಟ್ಟಿಗೆಯಲ್ಲಿ ಪಂಪಿನ ಕಂಪನಿಗೆ ಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ತಟ್ಟೆಯಲ್ಲಿ ಇಟ್ಟುಕೊಂಡು ನಡೆದೇ ಹೋಗುತ್ತೇವೆ. ಬೇರೆ ಬೇರೆ ಕಡೆ ಚೆಲ್ಲಿದರೆ ನಮ್ಮಲ್ಲಿ ಯಾರಿಗೂ ಪೂರ್ತಿ ಕೆಲಸವಿಲ್ಲ. ಐವತ್ತೆಂಟು ವಯಸ್ಸಿನ ಕೆಮ್ಮುವ ಮನುಷ್ಯನಿಗೆ ಹೊಸದಾಗಿ ಯಾವ ಕಂಪನಿ ಜಾಬ್, ಅಂದರೆ ಮಾಡಿಕೊಡುವ ಕೆಲಸ, ಕೊಡುತ್ತದೆ? ಕಟ್ಟುವುದನ್ನು ನಾನು ಬೇಡ ಎನ್ನುತ್ತಿಲ್ಲ. ಮಳೆ ಬಂದರೆ ನಮ್ಮ ಶೆಡ್ಡಿನಲ್ಲಿ ಮೋಟಾರನ್ನು ಇಟ್ಟಿಗೆಯ ಮೇಲೆ ಎತ್ತಿಡಬೇಕು. ಚರಂಡಿ ನೀರು ಯಾವ ಕಡೆ ಹರಿಯಬೇಕೆಂದು ಅದಕ್ಕೇ ಗೊತ್ತಿಲ್ಲ. ಐದು ಮಹಡಿಯ ಕಟ್ಟಡ ನನಗೂ ಬೇಕು. ಅದರಲ್ಲಿ ನಮಗೊಂದು ಬಾಗಿಲು ಬೇಕು.

ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಬರುವ ತಿಂಗಳ ಹದಿನೈದು. ಅದರೊಳಗೆ ಈ ಕೆಲಸ ಆಗಬೇಕು. ಮೂವತ್ತೊಂದನೆಯ ಪುಟದ ನನ್ನ ಹೇಳಿಕೆಯನ್ನು ನಾನು ಹಿಂತೆಗೆದುಕೊಂಡಿದ್ದೇನೆ, ಅದನ್ನು ಹೊಡೆದುಹಾಕಿ. ನಮ್ಮ ಬೀದಿಯನ್ನು ಇನ್ನೊಮ್ಮೆ ಎಣಿಸಿ. ಮೊದಲೇ ತಾರೀಖು ತಿಳಿಸಿ, ಚೀಟಿ ಅಂಟಿಸಿ, ಹೇಳಿ ಬನ್ನಿ. ಬರುವ ಮೊದಲು ಒಂದು ಕಾಗದ ಕೊಡಿ: ಈ ಎಣಿಕೆಯ ಪಟ್ಟಿ ಜಾಗ ಹಂಚಿಕೆಗೆ ಮಾತ್ರ, ಬೇರೆ ಯಾವ ಕಚೇರಿಗೂ ಹೋಗುವುದಿಲ್ಲ ಎಂದು. ಅದರ ಕೆಳಗೆ ನಿಮ್ಮ ಸಹಿ, ಮೊಹರು. ‘ಮೇಲಿನವರ ಗಮನಕ್ಕೆ ತರಲಾಗುವುದು’ ಎಂಬ ಉತ್ತರ ಬೇಡ. ಆ ಉತ್ತರದ ಮೂರು ಪ್ರತಿ ನಮ್ಮ ಮನೆಯಲ್ಲಿ ಆಗಲೇ ಇವೆ.

ಕಾಗದ ಬಂದರೆ ಇಪ್ಪತ್ತೊಂದು ಶಟರುಗಳೂ ಏಳುತ್ತವೆ ಎಂದು ಬೀದಿಯವರು ಮಾತು ಕೊಟ್ಟಿದ್ದಾರೆ. ಬರದಿದ್ದರೆ ಏಳುವುದಿಲ್ಲ. ಅವರನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಆದರೆ ನಮ್ಮ ಮನೆಯ ವಿಷಯ ಬೇರೆ. ಈ ಪತ್ರವನ್ನು ಇಲ್ಲಿಯವರೆಗೆ ಓದಿ ಕೇಳಿಸಿದಾಗ ಮುನಿಕೃಷ್ಣ, “ಫೈಲ್ ಕಂಡ್ರೆ ಮಿಸ್ಡ್ ಕಾಲ್ ಕೊಡೋಳು ನೀನು. ಈಗ ಆಫೀಸರ್ರಿಗೇ ಕಾಗದ ಬರೀತೀಯ. ಮುಂದೇನು ಮಾಡ್ತೀಯ?” ಎಂದು ಕೇಳಿದರು. ಶಟರ್ ತೆಗೀತೀನಿ ಎಂದೆ. ಅವರು ಕೆಳಗೆ ಶೆಡ್ಡಿಗೆ ಹೋಗಲು ಎದ್ದು, “ಅಂಗಾದ್ರೆ ಅವ್ರನ್ನ ಬೇಗ ಬರಕ್ಕೇಳು. ಅರ್ಜೆಂಟ್ ಜಾಬ್ ಇದೆ,” ಎಂದರು.

ನೀವು ಹೇಳಿ ಬನ್ನಿ, ಹೇಳದೆ ಬನ್ನಿ, ಕಾಗದ ಕೊಡಿ, ಕೊಡದಿರಿ, ಹದಿನೈದನೇ ತಾರೀಖಿನವರೆಗೆ ಪ್ರತಿದಿನ ನಮ್ಮ ಶೆಡ್ಡು ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದಿರುತ್ತದೆ. ನೋಟಿಸು ಬಂದರೆ ಮೊದಲು ನಮಗೇ ಬರುತ್ತದೆ ಎಂದು ಗೊತ್ತಿದೆ. ‘ಯಾವುದೇ ಘಟಕವು ಕಾರ್ಯನಿರ್ವಹಿಸುತ್ತಿಲ್ಲ’ ಎಂದು ಬರೆದಿದ್ದೀರಿ. ಅದು ಸುಳ್ಳಾಗಲು ಒಂದೇ ಶೆಡ್ಡು ಸಾಕು.

ಇಂತಿ, ಹೆದರಿಕೆ ಹೋಗದೆಯೇ ಪೂರ್ತಿ ಹೆಸರು ಬರೆದಿರುವ,
ಗೌರಿ ಮುನಿಕೃಷ್ಣ
ಮೊದಲನೆಯ ಶೆಡ್ಡು, ಹಿಂಗೋಡೆ ಬೀದಿ, ಲಗ್ಗೆರೆ

(ಫೋನ್ ನಂಬರು ಬೇಕೆಂದೇ ಕೊಟ್ಟಿಲ್ಲ. ಕೇಳುವುದಿದ್ದರೆ ಬಂದು ಎದುರಿಗೆ ಕೇಳಿ.)